ಆಯಿ ಕೇಳಿದ ನೇಮ

ಪಿಯುಸಿ ಎರಡನೇ ವರ್ಷದಲ್ಲಿ ನನಗೆ ದೂರದ ಊರಿನ ದೊಡ್ಡ ಕಾಲೇಜೊಂದನ್ನು ಸೇರುವ ಹುಚ್ಚು ಹತ್ತಿತು. ಅಲ್ಲಿ ಅಂಕವಷ್ಟೇ ಸಾಲದು, ನಮ್ಮ ಬದುಕಿನ ಒಂದು ಸಂಗತಿಯ ಮೇಲೆ ಇಂಗ್ಲಿಷ್ ಪ್ರಬಂಧವನ್ನೂ ಬರೆದು ಕಳಿಸಬೇಕಿತ್ತು. ನಿಪ್ಪಾಣಿಯ ನಮ್ಮ ಇಂಗ್ಲಿಷ್ ಸರ್, "ಪ್ರವಾಸ ಗಿವಾಸ ಬರೀಬ್ಯಾಡ. ಓದಿದವರ ಕಣ್ಣಾಗ ನೀರ ಬರಬೇಕ ನೋಡವಾ. ಮನ್ಯಾಗ ಅಂಥಾದ್ದೇನರ ಐತೇನು?" ಎಂದರು.

ಇತ್ತು. ಅಕ್ಕೋಳದ ನಮ್ಮ ಮನೆಯ ಪಡಸಾಲೆ ಪಕ್ಕದ ಕೋಣೆಯಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಸಲ್ಲೇಖನ ವ್ರತ ಹಿಡಿದು ಮಲಗಿದ್ದಳು. ಹೊಟ್ಟೆಯ ಗಡ್ಡೆಗೆ ಇನ್ನು ಔಷಧವಿಲ್ಲವೆಂದು ಡಾಕ್ಟರು ಕೈಚೆಲ್ಲಿದ ಮೇಲೆ, ಮುನಿ ಮಹಾರಾಜರ ಅಪ್ಪಣೆ ಪಡೆದು ಮೊದಲು ರೊಟ್ಟಿ-ಅನ್ನ ಬಿಟ್ಟಳು, ಆಮೇಲೆ ಹಾಲು. ಈಗ ಮಜ್ಜಿಗೆಯ ತಿಳಿಯನ್ನೂ ಬಿಟ್ಟು ಬರೀ ನೀರಿನ ಮೇಲಿದ್ದಳು.

ಮನೆ ತುಂಬ ಜನ. ರಾಯಬಾಗ, ಕುಡಚಿ ಕಡೆಯ ಬೀಗರೆಲ್ಲ ಬಂದು ಕೈಮುಗಿದು, ಪುಣ್ಯವಂತೆ ಎಂದು ಹೊಗಳಿ ಹೋಗುತ್ತಿದ್ದರು. ನಾವು ಮಾತ್ರ ಅಳುವಂತಿಲ್ಲ. ಅತ್ತರೆ ಅವಳಿಗೆ ಮೋಹ ಹುಟ್ಟಿ ವ್ರತ ಕೆಡುತ್ತದಂತೆ. ಅವ್ವ ಕಣ್ಣೊರೆಸಿಕೊಂಡು ಒಲೆಯ ಹೊಗೆ ಎನ್ನುತ್ತಿದ್ದಳು. ನಮ್ಮಲ್ಲಿ ಗ್ಯಾಸ್ ಬಂದು ಎಷ್ಟೋ ವರ್ಷವಾಗಿತ್ತು.

ನನಗೆ ಆ ಜನರನ್ನು ಕಂಡರೆ ಮೈಯೆಲ್ಲ ಉರಿ. ಅದನ್ನು ಕಕ್ಕಲು ಇದ್ದದ್ದು ಆ ಪ್ರಬಂಧ ಒಂದೇ. ಅಲ್ಲಿ ಅತ್ತರೆ ಯಾರೂ ಬಾಯಿ ಮುಚ್ಚಿಸುವುದಿಲ್ಲ. ಮೇಲಿಂದ ಸೀಟು ಕೊಡುತ್ತಾರೆ.

ಕಳಿಸುವ ದಿನ ಹತ್ತಿರ ಬಂದಂತೆ ಸರ್ ದಿನಾ ಕೇಳತೊಡಗಿದರು: "ಆಯಿ ಇನ್ನಾ ಅದಾರೇನವಾ? ಪ್ರಬಂಧಕ್ಕ ಒಂದ ಕೊನಿ ಬೇಕಾಗತೈತಿ." ಕೆಟ್ಟ ಮನುಷ್ಯರಲ್ಲ. ಆದರೂ ಅವರ ಮುಖ ನೋಡುವುದೇ ಬೇಡವೆನಿಸಿತು.

ಸಲ್ಲೇಖನದಲ್ಲಿರುವವರ ದರ್ಶನಕ್ಕೆ ಬಂದವರು ಅವರೆದುರು ಏನಾದರೊಂದನ್ನು ಬಿಡುವ ನೇಮ ಹಿಡಿಯುತ್ತಾರೆ. ಕಾಕಾ ತಂಬಾಕು ಬಿಟ್ಟ. ಅತ್ತೆ ಚಹಾ ಬಿಟ್ಟಳು. ಒಂದು ಮಧ್ಯಾಹ್ನ ಆಯಿ ನನ್ನನ್ನೂ ಹತ್ತಿರ ಕರೆದಳು.

"ಏನ್ ಬರಿಯಾಕತ್ತೀ ಮಗಳ?"

"ನಿನ್ನ ಮ್ಯಾಲನ, ಆಯಿ."

"ಓದು."

ಮೊದಲ ಸಾಲನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಅವಳ ಕಣ್ಣು ತುಂಬಿತು. ಸರ್ ಹೇಳಿದ ಹಾಗೆಯೇ ಆಯಿತು ಎಂದು ಒಳಗೊಳಗೇ ಹಿಗ್ಗಿದೆ.

"ಎಲ್ಲಾರೂ ಏನರ ಬಿಟ್ಟಾರ. ನೀ ಏನ್ ಬಿಡ್ತಿ?"

ಅವಳೇ ನನ್ನ ಕೈಯಲ್ಲಿದ್ದ ಹಾಳೆ ಮುಟ್ಟಿದಳು.

"ಇದನ್ನ ಬಿಡು. ಆ ಸಾಲ ಕೇಳಿದ್ರ ನನಗ ಹಸಿವಾಗತೈತಿ."

ಅವಳ ಕೈ ಹಿಡಿದು ನೇಮ ಮಾಡಿದೆ. ನಿಪ್ಪಾಣಿಯ ಸೈಬರ್‌ನಲ್ಲಿ ಕೂತು, ಮಳೆಗಾಲದಲ್ಲಿ ಕೈಕೊಡುವ ನಮ್ಮೂರ ಬಸ್ಸಿನ ಮೇಲೆ ಒಂದು ಸಪ್ಪೆ ಪ್ರಬಂಧ ಬರೆದು ಕಳಿಸಿದೆ. ಸರ್ ಹಣೆ ಬಡಿದುಕೊಂಡರು. ಅದೇ ವಾರ ಆಯಿ ನೀರನ್ನೂ ಬಿಟ್ಟಳು, ಹೋದಳು. ಸೀಟು ಸಿಗಲಿಲ್ಲ, ಚಿಕ್ಕೋಡಿಯಲ್ಲೇ ಡಿಗ್ರಿ ಮುಗಿಸಿದೆ.

ಕಾಕಾ ತಿಂಗಳೊಳಗೆ ಮತ್ತೆ ತಂಬಾಕು ತಿಕ್ಕತೊಡಗಿದ. ಅತ್ತೆಯ ನೇಮ ದೀಪಾವಳಿವರೆಗೂ ಬಾಳಲಿಲ್ಲ. ನಾನೊಬ್ಬಳೇ ಮೊಂಡಿ, ಇಷ್ಟು ವರ್ಷ ಕಾಯ್ದುಕೊಂಡು ಬಂದೆ. ಇಂದು ಮುರಿಯುತ್ತಿದ್ದೇನೆ. ಅವಳಿಗೆ ಇನ್ನು ಹಸಿವಾಗುವುದಿಲ್ಲ. ಆ ಸಾಲು ಇಷ್ಟೇ ಇತ್ತು: ಆಯಿ, ಒಂದ್ ತುತ್ತರ ಉಣ್ಣ.