ಕಡತಕ್ಕೆ ಹೋಗದ ಮಾತು

ಶಾಸಕರ ಮಾತನ್ನು ಸದನದಲ್ಲಿ ಕೂತು ಬರೆದುಕೊಳ್ಳುವುದು ನಮ್ಮ ಕೆಲಸ. ಪಕ್ಕದ ಮೇಜಿನ ಅಕ್ಕ ಇಪ್ಪತ್ತೆರಡು ವರ್ಷದಲ್ಲಿ ಒಂದಕ್ಷರ ತಪ್ಪಿದವಳಲ್ಲ. ಬೈಗುಳವನ್ನೂ ಹುಬ್ಬು ಏರಿಸದೆ ಬರೆಯುತ್ತಾಳೆ, ಸಭಾಧ್ಯಕ್ಷರು "ಕಡತಕ್ಕೆ ಹೋಗುವುದು ಬೇಡ" ಎಂದರೆ ಹೊಡೆದುಹಾಕುತ್ತಾಳೆ. ಅವಳ ಯಜಮಾನರು ಗ್ಯಾಸ್ ಸಾಗಿಸುವ ಹಡಗಿನಲ್ಲಿ ಇಂಜಿನಿಯರ್. ಅವರು ಮನೆಗೆ ಬಾರದೆ ಹನ್ನೊಂದು ತಿಂಗಳಾಗಿದೆ. ಪತ್ರಿಕೆ ಕೈಗೆ ಸಿಕ್ಕರೆ ಅಕ್ಕ ಮೊದಲು ನೋಡುವುದು ಬಂದರಿಗೆ ಬರುವ ಹಡಗುಗಳ ಪಟ್ಟಿ.

ಮೊನ್ನೆ ಚರ್ಚೆ ಆ ಗ್ಯಾಸಿನದೇ. ಅದಿಲ್ಲದೆ ಕರೆಂಟಿಲ್ಲ ಎಂದು ಮಂತ್ರಿಗಳು ಗಂಟಲು ಹರಿದುಕೊಂಡರು. ವಿರೋಧ ಪಕ್ಷದ ಹಿರಿಯರು ಎದ್ದು, "ಹೊಗೆ ಕಡಿಮೆ ಮಾಡ್ತೀವಿ ಅಂತ ಲೋಕಕ್ಕೆಲ್ಲ ಮಾತು ಕೊಟ್ಟು ಬಂದಿದ್ದೀರಿ. ಆ ಗ್ಯಾಸಿನ ಹಡಗು ನಮ್ಮ ಬಂದರಿಗೆ ಬರಬಾರದು" ಎಂದು ಮೇಜು ಗುದ್ದಿದರು.

ಸಂಜೆ ಅಕ್ಕ ಟೈಪು ಮಾಡಿಕೊಟ್ಟ ಹಾಳೆ ಹಿಡಿದು ಮೇಲಧಿಕಾರಿ ಬಂದರು.

"ಏನಮ್ಮಾ, ವಿರೋಧ ಪಕ್ಷದವರು ಹಡಗು ಬರಬೇಕು ಅಂದ್ರಾ?"

ಅಕ್ಕ ಹಾಳೆ ತೆಗೆದುಕೊಂಡು ಓದಿದಳು. "ಇಲ್ಲ ಸಾರ್. ಬರಬಾರದು ಅಂದ್ರು."

"ಮತ್ತೆ ಬರಬೇಕು ಅಂದದ್ದು ಯಾರು?"

ಅಕ್ಕ ಪೆನ್ನು ತೆಗೆದು ಆ ಪದವನ್ನು ನಿಧಾನವಾಗಿ ಹೊಡೆದುಹಾಕಿದಳು.

"ಅದು ಕಡತಕ್ಕೆ ಹೋಗುವುದು ಬೇಡ ಸಾರ್."