ಗೌರವ್ವನ ಮನೆಯ ಇನ್ನರ್ಧ

ಆಗ ರಾಣೆಬೆನ್ನೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರು ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಎಂಬತ್ತರ ದಶಕದ ಕೊನೆಯ ಮಾತಿದು. ನಮ್ಮ ಮನೆಯೊಡತಿ ಗೌರವ್ವ ಗುತ್ತಲದಿಂದ ಬಸ್ಸಿಗೆ ಬಂದವಳೇ ಮೊದಲು ಗೋಡೆ ನೋಡುತ್ತಿದ್ದಳು, ಆಮೇಲೆ ನಮ್ಮ ಮುಖ. ಕ್ಯಾಲೆಂಡರನ್ನೂ ಕಿಟಕಿಯ ಸರಳಿಗೆ ಕಟ್ಟಿಕೊಂಡು ಬಾಳಿದವರು ನಾವು.

ಒಂದೇ ಮನೆಯನ್ನು ನಡುವೆ ಗೋಡೆ ಎತ್ತಿ ಎರಡು ಮಾಡಿದ್ದರು. ಒಂದರ್ಧದಲ್ಲಿ ನಾವು, ಇನ್ನರ್ಧದಲ್ಲಿ ನನ್ನ ಓರಗೆಯ ಮುಮ್ತಾಜ್. ಹಿತ್ತಲು, ನಳ, ಬೇವಿನ ಮರ ಇಬ್ಬರಿಗೂ ಸೇರಿದ್ದು. ಅವಳಪ್ಪ ಕರೀಂ ಕಾಕಾ ಬೀಜದ ಕಂಪನಿಯ ಟೆಂಪೋ ಹೊಡೆಯುತ್ತಿದ್ದರು. ನಮ್ಮಪ್ಪ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ; ದಿನಾ ರೈಲಿಗೆ ಹೋಗಿ ಬರುತ್ತಿದ್ದ. ಸಂಜೆ ಅವನ ಅಂಗಿ ಹಿಡಿದರೆ ಸಾಕು, ನಾನೂ ಮುಮ್ತಾಜಳೂ ಪೈಪೋಟಿಗೆ ಬಿದ್ದವರಂತೆ ಸೀನುತ್ತಿದ್ದೆವು. ನನಗೂ ಅವಳಿಗೂ ಎಲ್ಲ ಸಮ ಇತ್ತು. ಸಮ ಇರುವವರೆಗೆ ನಾನು ಬಲು ಒಳ್ಳೆಯವಳು.

ಒಂದು ಮಳೆಗಾಲ ಗೌರವ್ವ ಬಂದು, ಮನೆ ಮಾರುತ್ತೇನೆ, ಇಡೀ ಮನೆಯನ್ನು ಒಬ್ಬರೇ ತೊಗೊಳ್ಳಿ ಎಂದಳು. ಅವ್ವ ಅಂದೇ ಹಿತ್ತಲಲ್ಲಿ ಓಡಾಡಿ ತುಳಸಿಕಟ್ಟೆಗೆ ಜಾಗ ಗೊತ್ತು ಮಾಡಿದಳು. ಆದರೆ ಆಷಾಢ ಹಿಡಿದಿತ್ತು. ಮುಂಗಡಕ್ಕೆ ನಮ್ಮ ಕಡೆ ಸಂಚಕಾರ ಎನ್ನುತ್ತಾರೆ. ಆಷಾಢದಲ್ಲಿ ಯಾರಾದರೂ ಮನೆಗೆ ಸಂಚಕಾರ ಕೊಡುತ್ತಾರೆಯೇ ಎಂದು ಅಪ್ಪ ಶ್ರಾವಣಕ್ಕೆ ತಳ್ಳಿದ. ಮೇಲಾಗಿ, ಆಸೆ ತೋರಿಸಿದರೆ ದೃಷ್ಟಿ ತಾಗೀತು ಎಂಬ ಅಂಜಿಕೆ ಬೇರೆ.

ಕರೀಂ ಕಾಕಾ ಕದ್ದುಮುಚ್ಚಿ ಏನೂ ಮಾಡಲಿಲ್ಲ. ನಾನು ಹಲ್ಲುಜ್ಜುತ್ತಿದ್ದೆ, ನಳದ ಹತ್ತಿರವೇ ಅಪ್ಪನನ್ನು ಕೇಳಿದರು.

"ಗುಮಾಸ್ತರ, ನೀವು ತಗೊಳ್ಳಾವ್ರಿದ್ರ ನಾ ಬಾಯಿ ಬಿಡಂಗಿಲ್ಲ. ನೀವು ಒಲ್ಲೆ ಅಂದ್ರ ಅಷ್ಟ ನಾ ಕೇಳಾಂವ."

"ನಮಗೇನ್ ಅಂಥಾ ಅವಸರಿಲ್ಲ ಬಿಡ್ರಿ," ಅಂದ ಅಪ್ಪ.

ಕಾಕಾನಿಗೆ ಆಷಾಢದ ಕಾಟವಿರಲಿಲ್ಲ. ಊರ ಕಡೆಯ ಹೊಲ ಮಾರಿದ ದುಡ್ಡು ಕೈಯಲ್ಲಿತ್ತು. ನಾವು ಪಂಚಮಿಯ ಉಂಡಿ ಕಟ್ಟುವ ಮೊದಲೇ ಮನೆ ಅವರದಾಯಿತು.

ಮರುದಿನ ಗೋಡೆಯಾಚೆ ಠಕ್ ಠಕ್ ಸದ್ದು. ಮುಮ್ತಾಜ್ ನನ್ನ ಕೈ ಹಿಡಿದು ಎಳೆದೊಯ್ದು ತೋರಿಸಿದಳು. ಅವಳ ಫ್ರಾಕಿಗೆ ಒಂದು ಮೊಳೆ, ಪಾಟಿಚೀಲಕ್ಕೆ ಒಂದು. ಬಾಗಿಲ ಪಕ್ಕ ಇನ್ನೊಂದು ಖಾಲಿ ಇತ್ತು. ಇದು ಯಾತಕ್ಕೆ ಎಂದು ಕೇಳಿದೆ.

"ಸುಮ್ನ," ಅಂದಳು.

ಆ ಸುಮ್ನ ಕೇಳಿ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಕಿವುಚಿದಂತಾಯಿತು. ಸುಮ್ಮಸುಮ್ಮನೆ ಒಂದು ಮೊಳೆ! ಸಂಜೆ ಅವಳಮ್ಮ ಶ್ಯಾವಿಗೆ ಖೀರು ಕಳಿಸಿದರು. ಏಲಕ್ಕಿ ಘಮ್ಮೆನ್ನುತ್ತಿತ್ತು. ಸಕ್ಕರೆ ಸುರುವಿದ್ದಾರೆ ಎಂದು ಅವ್ವ ಮುಖ ಸಿಂಡರಿಸಿದಳು. ನಾನು ಎರಡು ಬಟ್ಟಲು ಕುಡಿದೆ. ರುಚಿಯಾಗಿತ್ತಲ್ಲ ಎಂದು ಇನ್ನೂ ಸಿಟ್ಟು ಬಂತು. ಆ ವರ್ಷ ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಅವಳು ಎಷ್ಟು ಕರೆದರೂ ಕೂರಲಿಲ್ಲ. ಮರವೂ ಅವಳದೇ ಆಗಿತ್ತಲ್ಲ.

ಕಾಕಾ ಬಂದು, ನೀವೆಲ್ಲೂ ಹೋಗಬ್ಯಾಡ್ರಿ, ಬಾಡಿಗಿ ಅದ ಇರಲಿ, ಬೇಕಾದಲ್ಲಿ ಮೊಳೆ ಹೊಡ್ಕೊರ್ರಿ ಎಂದು ಹೇಳಿ ಹೋದರು. ಅವರ ಬೆನ್ನು ಮರೆಯಾಗುತ್ತಲೇ ಅವ್ವ ಅಪ್ಪನಿಗೆ ಹೇಳಿದಳು: "ಗೌರವ್ವ ಬ್ಯಾಡ ಅಂದಾಗ ತಡಕೊಂಡೆ. ಇವರು ಹೂಂ ಅಂದದ್ದು ತಡಿಯಾಕ ಆಗವಲ್ದು. ಬ್ಯಾರೆ ಮನಿ ನೋಡ್ರಿ."

ದಸರೆಗೆ ಮೊದಲೇ ಬ್ಯಾಡಗಿಗೆ ಗಂಟುಮೂಟೆ ಕಟ್ಟಿದೆವು. ಸಾಮಾನು ಹೊತ್ತದ್ದು ಕಾಕಾನ ಟೆಂಪೋನೇ. ಅವರು ದುಡ್ಡು ಮುಟ್ಟಲಿಲ್ಲ. ಅದಕ್ಕೂ ಅವ್ವನಿಗೆ ಸಿಟ್ಟು.

ಈಗ ಹಾವೇರಿಯಲ್ಲಿ ನನ್ನದೇ ಮನೆ ಇದೆ. ಒಳಗೆ ಕಾಲಿಟ್ಟ ದಿನ ಮುಮ್ತಾಜಳನ್ನು ಹುಡುಕಿಸಿ ಕರೆಸಿದ್ದೆ. ಖರೇ ಹೇಳುತ್ತೇನೆ, ಅವಳ ಹೊಟ್ಟೆ ಉರಿಯಲಿ ಎಂದೇ ಕರೆಸಿದ್ದು. ಒಂದೊಂದೇ ಕೋಣೆ ನಿಧಾನಕ್ಕೆ ತೋರಿಸುತ್ತ ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಮನಸಾರೆ ಖುಷಿಪಟ್ಟಳು. ಚಹಾ ಕುಡಿಯುತ್ತ ಆ ಮನೆ ಎಂದೋ ಮಾರಿದೆವು ಎಂದಳು.

"ನೀವು ಹೋದ ಮ್ಯಾಲೆ ನಿಮ್ಮ ಅರ್ಧದಾಗ ನಮ್ಮ ಅಬ್ಬಾ ಯಾರನ್ನೂ ಇಡಲಿಲ್ಲ. ಸಿಟ್ಟು ಇಳದ ಮ್ಯಾಲೆ ಗುಮಾಸ್ತರು ಬರ್ತಾರ ಅಂತಿದ್ದ. ನನ್ನ ಮದವಿ ಆಗೂತನಕ ಅದಕ್ಕ ಕೀಲಿ ಹಾಕೇ ಇತ್ತು."

ಅಪ್ಪ ಬ್ಯಾಡಗಿಯ ಬಾಡಿಗೆ ಮನೆಯಲ್ಲೇ ತೀರಿಕೊಂಡ. ಅವನಿಗೆ ಇದು ಗೊತ್ತೇ ಆಗಲಿಲ್ಲ.

ಈಗ ನನ್ನ ಎಡಬಲದ ಮನೆಗಳಲ್ಲಿ ಯಾರಿದ್ದಾರೆ, ಸ್ವಂತದವರೋ ಬಾಡಿಗೆಯವರೋ, ನನಗೆ ತಿಳಿಯದು. ಹೊಟ್ಟೆಕಿಚ್ಚು ಪಡೋಣವೆಂದರೂ ಗುರುತಿನವರು ಬೇಕಲ್ಲ.