ಆ ಮೆಟ್ಟಿಲಿನ ಮನೆ ನಮ್ಮದು

ಸಿನಿಮಾದಲ್ಲಿ ನೀವೆಲ್ಲ ನೋಡಿ ನಕ್ಕ ಆ ಮನೆ — ಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲುಗಳ ಮನೆ — ಕಲಬುರಗಿಯದಲ್ಲ. ಅದು ಶಹಾಪುರದಲ್ಲಿರುವ ನಮ್ಮ ಅವ್ವನ ಮನೆ. ನಾನು ಹುಟ್ಟಿ ಬೆಳೆದ ಮನೆ. ಅದು ನಮ್ಮದಲ್ಲ ಎಂದು ನಾನು ಜನರ ಮುಂದೆ ಹೇಳಿದ್ದೇನೆ. ಅಷ್ಟಕ್ಕೇ ನಿಂತಿದ್ದರೆ — ಇಲ್ಲ, ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಸುಳ್ಳು ನಿಲ್ಲಬೇಕಲ್ಲ, ಅದಕ್ಕಾಗಿ ಪಕ್ಕದಲ್ಲೇ ಕೂತಿದ್ದ ಅವ್ವನಿಗೆ ಬುದ್ಧಿ ಸರಿಯಿಲ್ಲ ಎಂದೂ ಹೇಳಿದೆ.

ಸಿನಿಮಾದ ಕಥೆ ಕಲಬುರಗಿ ನಗರದಲ್ಲಿ ನಡೆಯುತ್ತದೆ. ನಗುನಗುತ್ತಲೇ ಪ್ರೀತಿಗೆ ಬೀಳುವ ಇಬ್ಬರ ಕಥೆ. ಆದರೆ ನಿರ್ದೇಶಕ ಹುಣಸಗಿ ಕಡೆಯವನು. ತಾನು ಕಂಡ ಊರುಗಳ ತುಂಡುಗಳನ್ನೇ ಜೋಡಿಸಿ ಒಂದು ನಗರ ಹೊಲಿದಿದ್ದ. ನಾಯಕಿಯ ಆಫೀಸು ತೆಗೆದದ್ದು ಯಾದಗಿರಿಯಲ್ಲಿ. ಅವಳು ಅಲ್ಲಿಂದ ಹೊರಬಿದ್ದು ಒಂದು ತಿರುವು ದಾಟಿದರೆ ಸುರಪುರದ ಇಳಿಜಾರು ರಸ್ತೆ. ಇಳಿದು ಗೇಟು ತೆಗೆದರೆ ನಮ್ಮ ಅಂಗಳ. ನಾವು ಬಸ್ಸಿಗೆ ಕಾದು, ನಿಂತು, ತೂಗಾಡಿಕೊಂಡು ಹೋಗುವ ದಾರಿಯನ್ನು ಆ ಹುಡುಗಿ ಒಂದು ಹಾಡು ಮುಗಿಯುವುದರೊಳಗೆ ನಡೆದುಬಿಡುತ್ತಾಳೆ.

ಆ ಮನೆಯನ್ನು ಕಟ್ಟಿದವನು ನಮ್ಮ ಅಪ್ಪ. ಅಪ್ಪ ಗೌಂಡಿ. ಊರಿನವರ ಗೋಡೆಗಳನ್ನೆಲ್ಲ ಎಬ್ಬಿಸಿ, ತನ್ನದನ್ನು ಕೊನೆಗೆ ಎಬ್ಬಿಸಿದ. ಕಲ್ಲು, ಮಣ್ಣು, ನೀರು ಎಲ್ಲವನ್ನೂ ತಲೆಯ ಮೇಲೆ ಹೊತ್ತು ಕೊಟ್ಟವಳು ಅವ್ವ. ಮಾಳಿಗೆಗೆ ಹೋಗಲು ಉದ್ದನೆಯ ಕಲ್ಲುಗಳ ಒಂದು ತುದಿಯನ್ನು ಗೋಡೆಯೊಳಗೆ ಹುಗಿದು, ಇನ್ನೊಂದನ್ನು ಗಾಳಿಗೆ ಬಿಟ್ಟು ಮೆಟ್ಟಿಲು ಮಾಡಿದ. ಕೆಳಗೆ ಆಸರೆಯಿಲ್ಲ. ಬಿದ್ದಾವೆಂದು ಹೆದರಿದವರನ್ನು ತಾನೇ ಕರೆದು ಹತ್ತಿಸುತ್ತಿದ್ದನಂತೆ. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು. ಒಂದು ಕಲ್ಲೂ ಅಲುಗಿಲ್ಲ. ಈಗ ಅಲ್ಲಿ ಅವ್ವ, ನನ್ನ ತಮ್ಮ, ಅವನ ಹೆಂಡತಿ ರೇಣುಕಾ ಇದ್ದಾರೆ. ಮಾಳಿಗೆ ಹತ್ತಿ ನಿಂತರೆ ಮಲಗಿದ ಬುದ್ಧನಂತಿರುವ ಗುಡ್ಡದ ಸಾಲು ಪೂರ್ತಿ ಕಾಣುತ್ತದೆ.

ಮೆಟ್ಟಿಲು ಕಿರಿದು, ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವಂತಿಲ್ಲ. ಸಿನಿಮಾದ ತಮಾಷೆಯೆಲ್ಲ ಅದರ ಮೇಲೆಯೇ ನಿಂತಿದೆ. ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ನಾಯಕ, ಕೆಳಗಿನ ಮನೆಯ ನಾಯಕಿ — ನಟ್ಟನಡುವೆ ಎದುರಾಗುತ್ತಾರೆ, ಯಾರು ಹಿಂದಕ್ಕೆ ಸರಿಯಬೇಕೆಂದು ಜಗಳವಾಡುತ್ತಾರೆ, ಅವಳ ಕೈಯ ಕೊಡದ ನೀರು ಅವನ ಮೈಮೇಲೆ. ಚಿತ್ರೀಕರಣದ ದಿನ ಬೇಸಿಗೆ ರಜೆಯಲ್ಲಿ ನಾನೂ ಅಲ್ಲಿದ್ದೆ. ಮತ್ತೆ ಮತ್ತೆ ತೊಯ್ಯುತ್ತಿದ್ದ ಆ ನಟನಿಗೆ ಪ್ರತಿ ಸಲವೂ ಒಣ ಟವೆಲ್ ಕೊಟ್ಟು ಅವ್ವ ನಿರ್ದೇಶಕನಿಗೆ ಬೈದಳು: "ಸಾಕು ಮಾಡಪ್ಪಾ, ಅವನಿಗೆ ನೆಗಡಿ ಆಗ್ತದ."

ಒಳಗಿನ ದೃಶ್ಯಕ್ಕೆಂದು ಅವರು ಪಡಸಾಲೆಯ ಬುದ್ಧನ ಪಟ ತೆಗೆಯಲು ಹೋದಾಗ ಅವ್ವ ಅಡ್ಡ ನಿಂತಳು. "ಮನಿ ಬೇಕಂದ್ರ ಮನಿ ಇದ್ದಂಗ ತಗೋರಿ. ಪಟ ಇಳಿಸಬ್ಯಾಡ್ರಿ." ದನಿ ಏರಿಸಲಿಲ್ಲ. ಪಟ ಇಳಿಯಲಿಲ್ಲ. ನನ್ನ ಎದೆ ಅವತ್ತು ಉಬ್ಬಿತ್ತು — ನಿಜವಾಗಿಯೂ ಉಬ್ಬಿತ್ತು. ಅದಕ್ಕೇ ಮುಂದೆ ನಾನು ಮಾಡಿದ್ದು ನನಗೇ...

ನಾನು ಸುರಪುರದಲ್ಲಿ ಶಾಲಾ ಶಿಕ್ಷಕಿ. ನಾವು ಬೌದ್ಧರು. ಶಹಾಪುರದಲ್ಲಿ ನಮ್ಮ ಓಣಿಯ ಹೆಸರು ಹೇಳಿದರೆ ಜಾತಿ ಹೇಳಿದಂತೆಯೇ. ಕೆಲಸ ಸಿಕ್ಕ ಹೊಸದರಲ್ಲಿ ಬಾಡಿಗೆ ಮನೆ ಹುಡುಕುವಾಗ, ಓಣಿಯ ಹೆಸರು ಕೇಳಿದ ಮೇಲೆ "ಮನಿ ಖಾಲಿ ಇಲ್ರಿ" ಎನ್ನಿಸಿಕೊಂಡು ತಿರುಗಿ ಬಂದಿದ್ದೆ. ಕೊನೆಗೆ ಸಿಕ್ಕ ಮನೆಯ ಒಡತಿ ಶಶಿಕಲಕ್ಕ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಂಥ ಮಾತು ಅವ್ವ ನನಗಿಂತ ಎಷ್ಟು ಹೆಚ್ಚು ಕೇಳಿದ್ದಳೋ — ಅವಳು ಮಾತ್ರ ಯಾರ ಮುಂದೆಯೂ ಓಣಿಯ ಹೆಸರು ನುಂಗಿದವಳಲ್ಲ.

ಸಿನಿಮಾ ಟಿವಿಯಲ್ಲಿ ಬಂದ ಭಾನುವಾರ ಅವ್ವ ನನ್ನ ಮನೆಗೆ ಬಂದಿದ್ದಳು. ಶಶಿಕಲಕ್ಕ ಪಕ್ಕದ ಮನೆಯ ಹೆಂಗಸರನ್ನೂ ಕರೆದುಕೊಂಡು ನೋಡಲು ಬಂದರು. ಮಾಳಿಗೆಯ ದೃಶ್ಯ ಬಂತು.

"ಇದು ಶಹಾಪುರದ ಬುದ್ಧನ ಗುಡ್ಡ ಅಲ್ರಿ?" ಎಂದರು ಶಶಿಕಲಕ್ಕ.

ಅವ್ವ ಮುಂದಕ್ಕೆ ಸರಿದು ಕೂತಳು. "ಹೌದ್ರಿ. ಈ ಮನಿ ನಮ್ಮದ. ನಮ್ಮ ಯಜಮಾನ್ರು ಕಟ್ಟ್ಯಾರ."

ಎಲ್ಲರೂ ನನ್ನ ಕಡೆ ತಿರುಗಿದರು. "ಖರೇ ಏನ್ರಿ ಟೀಚರ್? ಯಾವ ಓಣಿರಿ?"

ನನ್ನ ನಾಲಿಗೆ ತಡವರಿಸಲೂ ಇಲ್ಲ. "ಇಲ್ರಿ ಅಕ್ಕಾ. ಅವ್ವಗ ಈಗೀಗ ಬುದ್ಧಿ ಹಂಗ ಆಗ್ಯಾದ. ಯಾವ ಮನಿ ಕಂಡ್ರೂ ನಮ್ಮದಂತಾಳ."

ಅವ್ವ ನನ್ನನ್ನು ನೋಡಿದಳು. ಟಿವಿಯನ್ನು ನೋಡಿದಳು. ಆಮೇಲೆ, "ಹೌದ್ರಿ... ನನಗ ಹಂಗ ಕಂಡ್ತು," ಎಂದಳು.

"ವಯಸ್ಸಾತಲ್ರಿ ಯವ್ವಾ," ಎಂದು ಶಶಿಕಲಕ್ಕ ಅವಳ ಕೈ ಸವರಿದರು. ಸಿನಿಮಾ ಮುಂದುವರಿಯಿತು, ನಗುವೂ ಮುಂದುವರಿಯಿತು. ಪಡಸಾಲೆಯ ದೃಶ್ಯದಲ್ಲಿ ಬುದ್ಧನ ಪಟ ಕಂಡಾಗ ಅವ್ವ ಬಾಯಿ ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋದಳು.

ಮಗಳ ಮಾನ ಉಳಿಸಲು ಅವ್ವ ಹಾಗೆ ಹೇಳಿದಳೆಂದು ನಾನು ತಿಳಿದೆ. ಅದನ್ನು ಅವಳ ಪ್ರೀತಿ ಎಂದೇ ಇಟ್ಟುಕೊಂಡೆ — ಎಷ್ಟು ಅನುಕೂಲದ ತಿಳಿವಳಿಕೆ. ಆ ಮೆಟ್ಟಿಲುಗಳ ಮುಂದೆ ಫೋಟೊ ತೆಗೆಸಿಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ನಮ್ಮ ಶಾಲೆಯ ಮಕ್ಕಳು ಆ ಜಗಳವನ್ನು ಜಗುಲಿಯ ಮೇಲೆ ಆಡಿ ತೋರಿಸಿದರು. ನಾನು ಚಪ್ಪಾಳೆ ತಟ್ಟಿದೆ. ಹೇಳಲಿಲ್ಲ. ವರ್ಷಗಳು ಹೋದವು.

ಈಚೆಗೆ ರೇಣುಕಾ ಫೋನು ಮಾಡಿದಳು. "ಅಕ್ಕಾರ, ಅತ್ತಿ ಗ್ಯಾಸ್ ಆರಿಸೀನೋ ಇಲ್ಲೋ ಅಂತ ಮತ್ತ ಮತ್ತ ಹೋಗಿ ನೋಡ್ತಾರ. ಆ ಸಿನಿಮಾ ನೋಡಿ ನಿಮ್ಮ ಮನಿಯಿಂದ ಬಂದಾಗಿಂದನೂ ಹಂಗ ಮಾಡ್ತಿದ್ರು, ಈಗ ಭಾಳ ಆಗ್ಯಾದ. ದವಾಖಾನಿಗೆ ಕರಕೊಂಡು ಹೋಗಿದ್ವಿ. ಡಾಕ್ಟ್ರು ಏನೂ ಇಲ್ಲಂದ್ರು. ಫೋಟೊ ತೆಗಿಲಾಕ ಬಂದವ್ರು ಮನಿ ಯಾರದು ಅಂತ ಕೇಳಿದ್ರ ನನ್ನ ಕರೀತಾರ್ರಿ. 'ನೀನ ಹೇಳವ್ವಾ' ಅಂತಾರ."

ನಾನು ಅವತ್ತೇ ಹೊರಟೆ. ಅವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಹೇಳಿದೆ: "ಅವ್ವಾ, ಅವತ್ತು ನಾ ಸುಳ್ಳು ಹೇಳಿದ್ದೆ. ನಿನಗ ಏನೂ ಆಗಿಲ್ಲ. ಅವತ್ತೂ ಆಗಿದ್ದಿಲ್ಲ."

ಅವಳು ಮೊರವನ್ನು ಕೆಳಗಿಟ್ಟಳು. "ಓಣಿ ಹೆಸರು ಹೇಳಾಕ ಅಂಜಿದಿ. ಅದು ನನಗ ಅವತ್ತ ತಿಳೀತು, ಅದಕ್ಕ ಸಿಟ್ಟಿಲ್ಲ. ಆದ್ರ ಬುದ್ಧಿ ಮಾತು — ನೀ ಓದಿದಾಕಿ. ನನ್ನಾಗ ಏನೋ ಕಂಡಿರಬೇಕು, ಅದಕ್ಕ ಅಂದಾಳ ಅನ್ಕೊಂಡೆ."

ನನ್ನನ್ನು ಓದಿಸಿದವಳು ಅವಳು. ಆ ಓದಿನ ಮೇಲಿನ ನಂಬಿಕೆಯಿಂದಲೇ ಅವಳು ತನ್ನ ಬುದ್ಧಿಯನ್ನು ಅನುಮಾನಿಸಿದಳು.

ಸುರಪುರಕ್ಕೆ ತಿರುಗಿ ಬಂದ ದಿನವೇ ಶಶಿಕಲಕ್ಕನನ್ನೂ ಅವತ್ತು ಬಂದಿದ್ದ ಹೆಂಗಸರನ್ನೂ ಕರೆದೆ. ಮನೆ ನಮ್ಮದು, ಓಣಿ ಇದು, ನಾವು ಇಂಥವರು, ಕಟ್ಟಿದವರು ನಮ್ಮ ಅಪ್ಪ ಅವ್ವ, ಅವತ್ತು ಸುಳ್ಳಾಡಿದವಳು ನಾನು, ಅವ್ವನ ಬುದ್ಧಿ ಎಂದೂ ಕೆಟ್ಟಿರಲಿಲ್ಲ. ಹೇಳುತ್ತ ಹೋದಂತೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. "ಮೊದಲ ಹೇಳಬೇಕಿತ್ತಲ್ರಿ," ಎಂದಷ್ಟೇ ಹೇಳಿ ಶಶಿಕಲಕ್ಕ ಎದ್ದರು. ಅದರ ಅರ್ಥ ನನಗೆ ಇನ್ನೂ ತಿಳಿದಿಲ್ಲ. ಪಕ್ಕದ ಮನೆಯಾಕೆ ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಬರದಿದ್ದರೆ ಬೇಡ. ಆ ಓಣಿಯ ಮಗಳೆಂದು ಹೇಳಿಕೊಳ್ಳುವಾಗ ಈಗ ನನ್ನ ದನಿ ಇಳಿಯುವುದಿಲ್ಲ. ಶಾಲೆಯಲ್ಲೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಮೊನ್ನೆ ರಜೆಯಲ್ಲಿ ನಾನು ಶಹಾಪುರದಲ್ಲಿದ್ದೆ. ಕೆಂಭಾವಿಯಿಂದ ಬಂದ ಹೊಸ ಜೋಡಿಯೊಂದು ಫೋಟೊ ತೆಗೆಸಿಕೊಂಡು, ಮನೆ ಯಾರದೆಂದು ಕೇಳಿತು. ಅವ್ವ ಈ ಸಲ ರೇಣುಕಾಳನ್ನು ಕರೆಯಲಿಲ್ಲ. ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ನಮ್ಮದ್ರಿ," ಎಂದಳು.

ಹೇಳಲೋ ಬೇಡವೋ ಎಂಬ ಆ ನೋಟ ಅವಳಿಗೆ ಬಂದದ್ದು ನನ್ನಿಂದ. ಅವಳ ಬದಲು ನಾನು ಉತ್ತರ ಹೇಳಿದರೆ ಅದು ಹೋಗುವುದಿಲ್ಲ. ಹಾಗಾಗಿ ರಜೆ ಸಿಕ್ಕಾಗಲೆಲ್ಲ ಹೋಗುತ್ತೇನೆ, ಅಂಗಳದಲ್ಲಿ ಅವಳ ಪಕ್ಕ ಸುಮ್ಮನೆ ನಿಲ್ಲುತ್ತೇನೆ — ನನ್ನ ಮುಖ ನೋಡದೆ ಅವಳು ಆ ಮಾತು ಹೇಳುವ ತನಕ.